ನಮ್ಮ ಫೋಟೋ ಯಾರ ಖಾತೆಗೆ ಜಮೆ?

ಬೀಳ್ಕೊಡುಗೆ ಸಮಾರಂಭಕ್ಕೆ ಇನ್ನು ಕೆಲವೇ ವಾರಗಳಿವೆ. ಅಂದು ಊಟಕ್ಕೆ ಬಿರಿಯಾನಿಯೋ ಪಲಾವೋ, ಭಾಷಣ ಯಾರು ಮಾಡಬೇಕು, ಸ್ಟೇಜ್ ಅಲಂಕಾರ ಯಾರ ಜವಾಬ್ದಾರಿ ಎಂಬ ಚರ್ಚೆಗಳೆಲ್ಲ ನಮ್ಮ ಕ್ಲಾಸಿನಲ್ಲಿ ಹತ್ತೇ ನಿಮಿಷದಲ್ಲಿ ಮುಗಿದವು. ಮುಗಿಯದೆ ಉಳಿದದ್ದು ಒಂದೇ ಪ್ರಶ್ನೆ. ಅಂದು ಫೋಟೋ ತೆಗೆಯಬೇಕೋ ಬೇಡವೋ?

ಹೊರಗಿನವರಿಗೆ ಇದು ತಮಾಷೆ ಎನಿಸಬಹುದು. ನಮಗೆ ತಮಾಷೆಯಲ್ಲ. ಕಳೆದ ವರ್ಷ ಇದೇ ದಿನ ಏಳು ಜನ ಸೀನಿಯರ್ ಹುಡುಗಿಯರು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಒಂದು ಗ್ರೂಪ್ ಫೋಟೋ ತೆಗೆಸಿಕೊಂಡರು. ಅದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅಲ್ಲಿಂದ ಯಾರೋ ಎತ್ತಿ ತಮ್ಮ ಖಾತೆಗೆ ಹಾಕಿಕೊಂಡರು. ಆ ಖಾತೆ ಊರಿಗೆಲ್ಲ ತೆರೆದಿತ್ತು. ಮೂರನೇ ದಿನ ಅದೇ ಫೋಟೋ ಯಾವುದೋ ಅಪರಿಚಿತ ಪೇಜಿನಲ್ಲಿ ಕಾಣಿಸಿತು, ಕೆಳಗೊಂದು ಕೊಳಕು ಸಾಲಿನೊಂದಿಗೆ. ಏಳು ಜನರಲ್ಲಿ ಒಬ್ಬರ ಅಣ್ಣ ಅದನ್ನು ನೋಡಿದರು. ಅವತ್ತೇ ಆ ಹುಡುಗಿಯ ಫೋನ್ ಹೋಯಿತು. ಡಿಗ್ರಿಗೆ ಕಳಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಫೋಟೋ ಹಾಕಿದವಳು ಅವಳಲ್ಲ. ಅವಳು ಮಾಡಿದ್ದು ಗೆಳತಿಯರ ಪಕ್ಕ ನಿಂತು ನಕ್ಕದ್ದು ಅಷ್ಟೇ.

ಹಾಗಾಗಿ ಈ ವರ್ಷ ನಮ್ಮ ಕ್ಲಾಸಿನಲ್ಲಿ ಎರಡು ಪಕ್ಷಗಳಾಗಿವೆ. ಒಂದು ಪಕ್ಷದವರು "ಅವತ್ತೂ ಮೊಬೈಲ್ ಗೇಟಿನಲ್ಲೇ ಇಡಿಸಿ, ಫೋಟೋನೇ ಬೇಡ" ಎನ್ನುತ್ತಾರೆ. ಇನ್ನೊಂದು ಪಕ್ಷದವರು "ಇಡೀ ಜಗತ್ತೇ ಹಾಕುತ್ತೆ, ನಮಗೇನು ರೋಗ?" ಎನ್ನುತ್ತಾರೆ. ನಾನು ಎರಡಕ್ಕೂ ಸೇರಿದವಳಲ್ಲ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರ ಒಂದು ಫೋಟೋವೂ ಇಲ್ಲದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಆ ಫೋಟೋ ಯಾರ ಕೈಗೆ ಬೇಕಾದರೂ ಸಿಗಲಿ ಎನ್ನುವುದೂ ಒಪ್ಪಿಗೆಯಿಲ್ಲ. ಮೂರನೆಯ ದಾರಿಯೊಂದಿದೆ ಎಂದು ಹೇಳಲು ಈ ಲೇಖನ.

ಮೊದಲು ನಮ್ಮ ದಾದಿಯ ವಿಷಯ ಹೇಳಬೇಕು. ಅವರ ಬಳಿ ನನ್ನ ಅಬ್ಬು-ಅಮ್ಮಿಯ ನಿಕಾಹ್ ಆಲ್ಬಮ್ ಇದೆ. ಕಬ್ಬಿಣದ ಬೀರುವಿನಲ್ಲಿ, ಸೀರೆಗಳ ಕೆಳಗೆ. ಬೀಗದ ಕೈ ಅವರ ಸೆರಗಿನ ತುದಿಯಲ್ಲಿ. ಮನೆಗೆ ಖಾಲಾ, ಫೂಫಿ ಯಾರೇ ಬಂದರೂ ಚಹಾ ಆದ ಮೇಲೆ ಆಲ್ಬಮ್ ಹೊರಗೆ ಬರುತ್ತದೆ. ಎಲ್ಲರೂ ನೋಡುತ್ತಾರೆ, ನಗುತ್ತಾರೆ, ಇದು ಯಾರು ಅದು ಯಾರು ಎಂದು ಕೇಳುತ್ತಾರೆ. ಆಮೇಲೆ ಆಲ್ಬಮ್ ಬೀರುವಿಗೆ ಹೋಗುತ್ತದೆ. ಯಾರಾದರೂ ಒಂದು ಫೋಟೋ ಕೇಳಿದರೆ ದಾದಿ ಹೇಳುವುದು ಒಂದೇ ಮಾತು, "ಪೂಛ್‌ಕೋ ದಿಖಾವ್." ಅಂದರೆ, ಫೋಟೋದಲ್ಲಿರುವವರನ್ನು ಕೇಳಿ ಆಮೇಲೆ ಇನ್ನೊಬ್ಬರಿಗೆ ತೋರಿಸು ಎಂದು. ದಾದಿ ಫೋಟೋ ಹಂಚಿಕೊಳ್ಳುವುದರ ವಿರೋಧಿಯಲ್ಲ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಫೋಟೋ ತೋರಿಸುವವರು ಅವರೇ. ಆದರೆ ಆಲ್ಬಮ್ ಅವರದು, ಬೀರು ಅವರದು, ಯಾರಿಗೆ ತೋರಿಸಬೇಕು ಎಂಬ ತೀರ್ಮಾನವೂ ಅವರದು.

ಇವತ್ತು ನಮ್ಮ ಆಲ್ಬಮ್ ಯಾರ ಬೀರುವಿನಲ್ಲಿದೆ?

ನಾನು ಸಿಇಬಿಎ ವಿದ್ಯಾರ್ಥಿನಿ. ಲೆಕ್ಕಶಾಸ್ತ್ರದಲ್ಲಿ ನಮಗೆ ಮೊದಲು ಕಲಿಸುವುದೇ, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡಿ ಅಂತ. ಹಾಗೆಯೇ ನೋಡೋಣ. ಇನ್‌ಸ್ಟಾಗ್ರಾಮ್ ಶುರುವಾದದ್ದು 2010ರ ಅಕ್ಟೋಬರಿನಲ್ಲಿ. 2012ರ ಏಪ್ರಿಲಿನಲ್ಲಿ ಫೇಸ್‌ಬುಕ್ ಅದನ್ನು 100 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆಗ ಆ ಕಂಪನಿಯಲ್ಲಿ ಇದ್ದ ಕೆಲಸಗಾರರು 13 ಜನ. ಹದಿಮೂರು ಜನರ ಮೇಜು ಕುರ್ಚಿಗೆ ಯಾರೂ ಅಷ್ಟು ಹಣ ಕೊಡುವುದಿಲ್ಲ. ಬೆಲೆ ಇದ್ದದ್ದು ಅಲ್ಲಿ ಫೋಟೋ ಹಾಕುತ್ತಿದ್ದ ಕೋಟ್ಯಂತರ ಜನರಿಗೆ. ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಮೆಟಾ ಎಂಬ ಒಂದೇ ಕಂಪನಿಯವು. 2024ರಲ್ಲಿ ಆ ಕಂಪನಿಯ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಜಾಹೀರಾತಿನಿಂದ ಬಂದದ್ದು.

ವ್ಯವಹಾರ ಅಧ್ಯಯನದ ಭಾಷೆಯಲ್ಲಿ ಹೇಳುವುದಾದರೆ, ಹಣ ಕೊಡುವವನೇ ಗ್ರಾಹಕ. ಇಲ್ಲಿ ಹಣ ಕೊಡುತ್ತಿರುವವರು ಜಾಹೀರಾತುದಾರರು. ಹಾಗಾದರೆ ನಾವು ಯಾರು? ನಮ್ಮ ಫೋಟೋ ಕಚ್ಚಾ ಮಾಲು. ಅದನ್ನು ನೋಡುತ್ತ ನಾವು ಕಳೆಯುವ ಸಮಯ ತಯಾರಾದ ಸರಕು. ಅದಕ್ಕೇ 2016ರಲ್ಲಿ ಇನ್‌ಸ್ಟಾಗ್ರಾಮ್ ಹೊಸ ಫೋಟೋ ಮೇಲೆ, ಹಳೆಯದು ಕೆಳಗೆ ಎಂಬ ಕ್ರಮವನ್ನು ಬಿಟ್ಟು, ಯಾವುದು ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೋ ಅದನ್ನು ಮೇಲೆ ತರುವ ಕ್ರಮಕ್ಕೆ ಬಂತು. ಅದರ ಷರತ್ತುಗಳನ್ನು ನಾನು ಒಂದು ಭಾನುವಾರ ಕುಳಿತು ಓದಿದೆ. ಫೋಟೋದ ಮಾಲೀಕತ್ವ ನಮ್ಮದೇ ಎಂದು ಬರೆದಿದೆ. ಅದರ ಹಿಂದೆಯೇ, ಆ ಫೋಟೋವನ್ನು ಜಗತ್ತಿನಾದ್ಯಂತ ಬಳಸಲು, ಹಂಚಲು, ಬದಲಾಯಿಸಲು, ಬೇರೆಯವರಿಗೂ ಆ ಹಕ್ಕು ಕೊಡಲು ಕಂಪನಿಗೆ ನಾವು ಅನುಮತಿ ಕೊಟ್ಟಿದ್ದೇವೆ ಎಂದೂ ಬರೆದಿದೆ, ಅದೂ ಒಂದು ಪೈಸೆ ಇಲ್ಲದೆ. ಮನೆ ನಿಮ್ಮದೇ, ಆದರೆ ಬೀಗದ ಕೈಯ ಇನ್ನೊಂದು ಜೊತೆ ನಮ್ಮ ಹತ್ತಿರ ಇರುತ್ತದೆ ಎಂದ ಹಾಗೆ.

ಇದಕ್ಕೆ ಪರ್ಯಾಯವಾಗಿ ಬೆಳೆಯುತ್ತಿರುವ ಜಾಲಗಳಲ್ಲಿ ಒಂದು ಪಿಕ್ಸೆಲ್‌ಫೆಡ್. ಕೆನಡಾದ ಡೇನಿಯಲ್ ಸೂಪರ್ನಾಲ್ಟ್ ಎಂಬ ಪ್ರೋಗ್ರಾಮರ್ 2018ರಲ್ಲಿ ಇದನ್ನು ಶುರು ಮಾಡಿದರು. ನೋಡಲು ಇನ್‌ಸ್ಟಾಗ್ರಾಮ್ ತರವೇ ಇದೆ. ಫೋಟೋ ಹಾಕಬಹುದು, ಲೈಕ್ ಕೊಡಬಹುದು, ಫಾಲೋ ಮಾಡಬಹುದು. ಆದರೆ ಜಾಹೀರಾತು ಇಲ್ಲ. ಫೋಟೋಗಳು ಹಾಕಿದ ಸಮಯದ ಕ್ರಮದಲ್ಲೇ ಬರುತ್ತವೆ. ದೊಡ್ಡ ವ್ಯತ್ಯಾಸ ಇರುವುದು ಒಳಗೆ. ಇದು ಒಂದೇ ಕಂಪನಿಯ ಕಂಪ್ಯೂಟರಿನಲ್ಲಿ ಇಲ್ಲ. ಇದರ ಪ್ರೋಗ್ರಾಮ್ ಯಾರು ಬೇಕಾದರೂ ಉಚಿತವಾಗಿ ಪಡೆದು ತಮ್ಮದೇ ಸರ್ವರಿನಲ್ಲಿ ನಡೆಸಬಹುದು. ಒಂದು ಸಂಘ, ಒಂದು ಊರು, ಒಂದು ಕುಟುಂಬ, ಒಂದು ಕಾಲೇಜು ಕೂಡ. ಒಂದೊಂದು ಸರ್ವರ್ ಒಂದೊಂದು ಮನೆಯ ಬೀರು ಇದ್ದ ಹಾಗೆ.

ಬೇರೆ ಬೇರೆ ಸರ್ವರಿನಲ್ಲಿರುವವರು ಒಬ್ಬರ ಫೋಟೋ ಇನ್ನೊಬ್ಬರು ನೋಡುವುದು ಹೇಗೆ? ನಮಗೆಲ್ಲ ಗೊತ್ತಿರುವ ಯುಪಿಐ ನೆನಪಿಸಿಕೊಳ್ಳಿ. ಕಾಲೇಜು ಎದುರಿನ ಅಂಗಡಿಯಲ್ಲಿ ಒಂದು ಕಂಪನಿಯ ಕ್ಯೂಆರ್ ಕೋಡ್ ಇರುತ್ತದೆ, ನಮ್ಮ ಫೋನಿನಲ್ಲಿ ಇನ್ನೊಂದು ಕಂಪನಿಯ ಆ್ಯಪ್ ಇರುತ್ತದೆ, ಆದರೂ ಹಣ ಹೋಗುತ್ತದೆ. ಎಲ್ಲ ಆ್ಯಪ್‌ಗಳೂ ಒಂದೇ ನಿಯಮದಲ್ಲಿ ಮಾತಾಡುವುದರಿಂದ ಇದು ಸಾಧ್ಯ. ಪಿಕ್ಸೆಲ್‌ಫೆಡ್ಡಿನ ಹಿಂದೆಯೂ ಅಂಥದೊಂದು ನಿಯಮವಿದೆ. ಅದರ ಹೆಸರು ಆ್ಯಕ್ಟಿವಿಟಿಪಬ್. ವೆಬ್ಬಿನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ಟ್ವಿಟರ್ ಮಾದರಿಯ ಮಾಸ್ಟೊಡಾನ್ ಕೂಡ ಇದೇ ನಿಯಮ ಬಳಸುತ್ತದೆ. ಹಾಗಾಗಿ ಮಾಸ್ಟೊಡಾನಿನಲ್ಲಿ ಇರುವವರು ಪಿಕ್ಸೆಲ್‌ಫೆಡ್ಡಿನಲ್ಲಿ ಇರುವವರನ್ನು ಫಾಲೋ ಮಾಡಬಹುದು. ಯುಪಿಐಗೆ ಮಧ್ಯದಲ್ಲಿ ಎನ್‌ಪಿಸಿಐ ಎಂಬ ಒಂದು ಸಂಸ್ಥೆ ಇದೆ. ಇಲ್ಲಿ ಮಧ್ಯದಲ್ಲಿ ಯಾರೂ ಇಲ್ಲ. ವ್ಯತ್ಯಾಸ ಅಷ್ಟೇ.

ಹೇಳುವುದಷ್ಟೇ ಅಲ್ಲ, ನಾಲ್ಕು ತಿಂಗಳಿಂದ ಅಬ್ಬುಗೆ ತಿಳಿಸಿಯೇ ನಾನು ಅಲ್ಲಿದ್ದೇನೆ. ಇದುವರೆಗೆ ಹಾಕಿದ್ದು ಇಪ್ಪತ್ತೆರಡು ಫೋಟೋ. ಮಳೆಯಲ್ಲಿ ನೆನೆದ ಗುಲ್‌ಮೊಹರ್, ರಂಜಾನಿನ ಸಂಜೆ ಖರ್ಜೂರದ ತಟ್ಟೆ, ನಮ್ಮ ಬೀದಿಯ ಬೆಕ್ಕು. ಮುಖ ಒಂದೂ ಇಲ್ಲ. ಫಾಲೋವರ್ಸ್ ಒಂಬತ್ತು ಜನ. ಮೊದಲ ವಾರ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಒಂದು ಗಮನಿಸಿದೆ. ಅದನ್ನು ತೆರೆದರೆ ಐದು ನಿಮಿಷದಲ್ಲಿ ನೋಡುವುದೆಲ್ಲ ಮುಗಿಯುತ್ತದೆ. ಮುಗಿದ ಮೇಲೆ ಪುಸ್ತಕ ತೆಗೆಯಬಹುದು. ರೀಲ್ಸ್ ಎಂದಾದರೂ ಮುಗಿದದ್ದನ್ನು ನೀವು ನೋಡಿದ್ದೀರಾ?

ಈಗ ಇದರ ಇನ್ನೊಂದು ಮುಖ. ಜಮೆ ಮಾತ್ರ ಬರೆದು ಖರ್ಚು ಬರೆಯದಿದ್ದರೆ ಅದು ಲೆಕ್ಕವಲ್ಲ.

ಮೊದಲನೆಯದು, ಅಲ್ಲಿ ನಮ್ಮವರು ಇಲ್ಲ. ನನ್ನ ಬಾಜಿ ಮೆಹಂದಿ ಹಾಕುತ್ತಾಳೆ. ಮದುವೆ ಸೀಜನ್ನಿನಲ್ಲಿ ಬರುವ ಆರ್ಡರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್‌ಸ್ಟಾಗ್ರಾಮಿನಿಂದ. ನಾನು ಪಿಕ್ಸೆಲ್‌ಫೆಡ್ ವಿಷಯ ಹೇಳಿದಾಗ ಅವಳು ನಕ್ಕು, "ಅಲ್ಲಿ ನನಗೆ ಆರ್ಡರ್ ಯಾರು ಕೊಡ್ತಾರೆ? ನಿನ್ನ ಒಂಬತ್ತು ಜನರಾ?" ಎಂದಳು. ಅವಳ ಮಾತು ಸರಿ. ಆ ದುಡಿಮೆಯಿಂದಲೇ ಅವಳ ಬಿ.ಎಡ್. ಫೀಸು ಕಟ್ಟಿದ್ದು. ಅವಳಿಗೆ ಅದನ್ನು ಬಿಡು ಎನ್ನುವ ಹಕ್ಕು ನನಗಿಲ್ಲ. ಎಲ್ಲರೂ ಸೇರುವ ಸಂತೆಯಲ್ಲೇ ಅಂಗಡಿ ಇಡಬೇಕು.

ಎರಡನೆಯದು, ಹೋದವರು ನಿಲ್ಲುವುದಿಲ್ಲ. ನಮ್ಮ ದೇಶದಲ್ಲೇ ಇದಕ್ಕೆ ಉದಾಹರಣೆ ಇದೆ, ಅದೂ ಒಂದು ಫೋಟೋದ್ದೇ. ಹಿಟ್ಲರನ ಕಾಲದ ಜರ್ಮನಿಯ ಹಡಗುಕಟ್ಟೆಯಲ್ಲಿ ತೆಗೆದ ಪ್ರಸಿದ್ಧ ಚಿತ್ರ ಅದು. ಗುಂಪಿನಲ್ಲಿ ಎಲ್ಲರೂ ಕೈ ಮುಂದೆ ಚಾಚಿ ನಾಝಿ ವಂದನೆ ಮಾಡುತ್ತಿದ್ದಾರೆ, ಒಬ್ಬ ಮಾತ್ರ ಕೈ ಕಟ್ಟಿ ನಿಂತಿದ್ದಾನೆ. ಆತ ಆಗಸ್ಟ್ ಲ್ಯಾಂಡ್‌ಮೆಸ್ಸರ್ ಎಂದು ಹೇಳುತ್ತಾರೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರು ಈ ಚಿತ್ರವನ್ನು ಟ್ವಿಟರ್ ಖಾತೆಯಲ್ಲಿ ಇಟ್ಟುಕೊಂಡಿದ್ದರು. 2019ರ ಅಕ್ಟೋಬರಿನಲ್ಲಿ ಟ್ವಿಟರ್ ಅದೇ ಕಾರಣಕ್ಕೆ ಅವರ ಖಾತೆಯನ್ನು ಅಮಾನತು ಮಾಡಿತು. ನಾಝಿಗಳಿಗೆ ಕೈ ಎತ್ತದವನ ಚಿತ್ರ ದ್ವೇಷದ ಚಿತ್ರವಾಯಿತು! ಅದರ ಬೆನ್ನಿಗೆ ನವೆಂಬರಿನಲ್ಲಿ ಭಾರತದ ಬಹಳ ಜನ ಮಾಸ್ಟೊಡಾನಿಗೆ ಹೋದರು. ಆದರೆ ಕೆಲವು ತಿಂಗಳಲ್ಲಿ ಹೆಚ್ಚಿನವರು ಹಿಂದಿರುಗಿದರು. ಸಿಟ್ಟು ಒಂದು ವಾರ ಇರುತ್ತದೆ, ಗೆಳೆಯರು ಇರುವ ಜಾಗ ಎಳೆಯುತ್ತಲೇ ಇರುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ವಿಕೇಂದ್ರೀಕೃತ ಎಂದರೆ ಸುರಕ್ಷಿತ ಎಂದು ಅರ್ಥವಲ್ಲ. ನಾವು ಎಲ್ಲರಿಗೂ ತೆರೆದು ಹಾಕಿದ ಫೋಟೋದ ಪ್ರತಿ ಬೇರೆ ಸರ್ವರುಗಳಿಗೂ ಹೋಗುತ್ತದೆ. ನಮ್ಮಲ್ಲಿ ಅಳಿಸಿದರೆ ಅಲ್ಲಿಗೂ "ಅಳಿಸಿ" ಎಂಬ ಸೂಚನೆ ಹೋಗುತ್ತದೆ, ಆದರೆ ಅವರು ಅಳಿಸಿಯೇ ತೀರುತ್ತಾರೆ ಎಂಬ ಖಾತರಿ ಇಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಅದರೊಳಗಿನ ಖಾಸಗಿ ಸಂದೇಶಗಳನ್ನೂ ಓದಬಹುದು. 2025ರ ಮಾರ್ಚಿನಲ್ಲಿ ಪಿಕ್ಸೆಲ್‌ಫೆಡ್ಡಿನಲ್ಲೇ ಒಂದು ದೋಷ ಬೆಳಕಿಗೆ ಬಂತು. ಬೇರೆ ಸರ್ವರಿನವರು ತಮ್ಮ ಫಾಲೋವರ್ಸ್‌ಗೆ ಮಾತ್ರ ಎಂದು ಹಾಕಿದ್ದು, ಅನುಮತಿ ಇಲ್ಲದವರಿಗೂ ಕಾಣುವ ಸಾಧ್ಯತೆ ಇತ್ತು. ದೋಷವನ್ನು ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರು. ಆದರೆ ಹೊಸ ಆವೃತ್ತಿ ಹಾಕಿಕೊಳ್ಳುವ ಕೆಲಸ ಆಯಾ ಸರ್ವರಿನವರದೇ.

ನಮ್ಮ ಸಮುದಾಯದ ಹುಡುಗಿಯರಿಗೆ ಇದು ಬರೀ ತಾಂತ್ರಿಕ ವಿಷಯವಲ್ಲ. 2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿಯಲ್ಲಿ ಇನ್ನೊಮ್ಮೆ, ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಅವರ ಖಾತೆಗಳಿಂದ ಎತ್ತಿಕೊಂಡು "ಹರಾಜಿಗೆ" ಇಟ್ಟ ಆ್ಯಪ್‌ಗಳು ಸುದ್ದಿಯಾದವು. ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು ಅದರಲ್ಲಿದ್ದರು. ಎರಡನೆಯ ಪ್ರಕರಣದಲ್ಲಿ ಪೊಲೀಸರು ಮೊದಲು ಬಂಧಿಸಿದವರು ಹದಿನೆಂಟರಿಂದ ಇಪ್ಪತ್ತೊಂದು ವಯಸ್ಸಿನ ಆಸುಪಾಸಿನವರು. ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ. ನಮಗಿಂತ ನಾಲ್ಕು ವರ್ಷ ದೊಡ್ಡವರು ಅಷ್ಟೇ. ಆ ಮಹಿಳೆಯರು ಪಿಕ್ಸೆಲ್‌ಫೆಡ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಫೋಟೋ ಹಾಕಿದ್ದರೂ ಕದಿಯುವವರು ಕದಿಯುತ್ತಿದ್ದರು. ತೆರೆದ ಬಾಗಿಲು ಯಾರ ಮನೆಯದಾದರೂ ತೆರೆದ ಬಾಗಿಲೇ. ಹಾಗೆಂದು ತಪ್ಪು ಬಾಗಿಲಿನದಲ್ಲ, ಕದ್ದವರದು. ಇದನ್ನು ಮನೆಯಲ್ಲಿ ಅಣ್ಣಂದಿರಿಗೂ ಅಬ್ಬುಗಳಿಗೂ ಹೇಳಬೇಕಾಗಿದೆ.

ಹಾಗಾದರೆ ನಾನು ಹೇಳುತ್ತಿರುವುದೇನು? ಎಲ್ಲರೂ ಇನ್‌ಸ್ಟಾಗ್ರಾಮ್ ಬಿಟ್ಟು ಪಿಕ್ಸೆಲ್‌ಫೆಡ್ಡಿಗೆ ಬನ್ನಿ ಎಂದಲ್ಲ. ನನ್ನ ಸಲಹೆ ಇದಕ್ಕಿಂತ ಚಿಕ್ಕದು, ಮಾಡಲು ಸಾಧ್ಯವಾದದ್ದು. ನಮ್ಮ ಕಾಲೇಜಿಗೆ ನಮ್ಮದೇ ಒಂದು ಬೀರು ಇರಲಿ.

ಪಿಕ್ಸೆಲ್‌ಫೆಡ್ ಪ್ರೋಗ್ರಾಮನ್ನು ನಾವೇ ಒಂದು ಬಾಡಿಗೆ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಹೊರಗಿನವರು ಖಾತೆ ತೆರೆಯದಂತೆ ಮುಚ್ಚಬಹುದು. ಬೇರೆ ಸರ್ವರುಗಳ ಜೊತೆಗಿನ ಸಂಪರ್ಕವನ್ನೂ ಪೂರ್ತಿ ನಿಲ್ಲಿಸಬಹುದು. ಆಗ ಅದು ಕಾಲೇಜಿನವರಿಗೆ ಮಾತ್ರ ತೆರೆಯುವ ಆಲ್ಬಮ್. ವಾರ್ಷಿಕೋತ್ಸವ, ಕ್ರೀಡಾದಿನ, ಬೀಳ್ಕೊಡುಗೆ ಎಲ್ಲದರ ಫೋಟೋಗಳೂ ಅಲ್ಲೇ ಇರಲಿ.

ಇದರ ಲೆಕ್ಕ ಹೀಗಿದೆ. ಸಣ್ಣ ಸರ್ವರಿನ ಬಾಡಿಗೆ ತಿಂಗಳಿಗೆ 1,000 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 12,000. ನಮ್ಮಲ್ಲಿ ಎರಡೂ ವರ್ಷ ಸೇರಿ ಸುಮಾರು 600 ವಿದ್ಯಾರ್ಥಿಗಳಿದ್ದೇವೆ. ತಲೆಗೆ 20 ರೂಪಾಯಿ. ಕ್ಯಾಂಟೀನಿನಲ್ಲಿ ಒಂದು ಚಹಾ, ಒಂದು ಸಮೋಸ. ಫೋಟೋ ಒಂದಕ್ಕೆ 4 ಎಂಬಿ ಎಂದರೆ 300 ಫೋಟೋಗೆ 1,200 ಎಂಬಿ, ಒಂದು ಪೆನ್‌ಡ್ರೈವಿಗೂ ಹೆಚ್ಚಲ್ಲ. ನೋಡಿಕೊಳ್ಳುವವರು ಯಾರು ಎಂಬುದೇ ನಿಜವಾದ ಖರ್ಚು. ಸಮಯಕ್ಕೆ ಸರಿಯಾಗಿ ಹೊಸ ಆವೃತ್ತಿ ಹಾಕದಿದ್ದರೆ ಆ ಬೀರುವಿಗೆ ಬೀಗವೇ ಇಲ್ಲದಂತೆ. ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರ ಮೇಲ್ವಿಚಾರಣೆಯಲ್ಲಿ ಪ್ರತಿವರ್ಷ ಪ್ರಥಮ ಪಿಯುಸಿಯ ನಾಲ್ವರು, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ಈ ಕೆಲಸ ಕಲಿತು ಮುಂದಿನವರಿಗೆ ಒಪ್ಪಿಸಲಿ. ಯಾರೂ ಸಿಗದ ವರ್ಷ ಫೋಟೋಗಳನ್ನು ಡಿಸ್ಕಿಗೆ ಇಳಿಸಿ ಸರ್ವರ್ ಮುಚ್ಚಿಬಿಡೋಣ. ನಡೆಸಲಾಗದ್ದನ್ನು ಮರ್ಯಾದೆಯಿಂದ ಮುಚ್ಚುವುದೂ ಒಳ್ಳೆಯ ವ್ಯವಹಾರವೇ.

ನಿಯಮಗಳು ಮೂರೇ ಸಾಕು. ಫೋಟೋದಲ್ಲಿರುವ ಎಲ್ಲರೂ ಒಪ್ಪಿದರೆ ಮಾತ್ರ ಅದು ಆಲ್ಬಮಿಗೆ. ಒಬ್ಬರು "ತೆಗೆಯಿರಿ" ಎಂದರೆ ಕಾರಣ ಕೇಳದೆ ಅಂದೇ ತೆಗೆಯುವುದು. ಹೊರಗೆ ಹಾಕಿದವರು ಯಾರೆಂದು ಗೊತ್ತಾದರೆ ಕಾಲೇಜು ಅವರ ಮನೆಯವರನ್ನು ಕರೆಸುವುದು, ಫೋಟೋದಲ್ಲಿದ್ದವರ ಮನೆಯವರನ್ನಲ್ಲ.

ಕಾನೂನೂ ಇದೇ ದಿಕ್ಕಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ನಮ್ಮ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು. ನಮ್ಮ ಚಲನವಲನ ಹಿಂಬಾಲಿಸುವುದು, ನಮ್ಮನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದು ಸಲ್ಲದು ಎಂದು ಅದರಲ್ಲಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ದೊಡ್ಡ ಕಂಪನಿಗಳು ಅದನ್ನು ಹೇಗೆ ಪಾಲಿಸುತ್ತವೋ ಕಾದು ನೋಡೋಣ. ನಮ್ಮ ಆಲ್ಬಮಿನಲ್ಲಿ ನಾವೇ ಪಾಲಿಸಲು ಕಾಯಬೇಕಾಗಿಲ್ಲ.

ಒಂದು ಆಕ್ಷೇಪ ನನಗೂ ಗೊತ್ತಿದೆ. ಮುಚ್ಚಿದ ಆಲ್ಬಮಿನಿಂದಲೂ ಯಾರಾದರೂ ಸ್ಕ್ರೀನ್‌ಶಾಟ್ ತೆಗೆಯಬಹುದು. ಹೌದು, ತೆಗೆಯಬಹುದು. ಅದಕ್ಕೆ ಯಾವ ಸರ್ವರಿನಲ್ಲೂ ಮದ್ದಿಲ್ಲ. ಆದರೆ ಇವತ್ತಿನ ಸ್ಥಿತಿ ಹೇಗಿದೆ ನೋಡಿ. ಫೋಟೋ ಎಲ್ಲಿದೆ, ಎಷ್ಟು ಜನರ ಬಳಿ ಇದೆ, ಯಾರನ್ನು ಕೇಳಿ ಅಳಿಸಬೇಕು ಎಂಬುದೇ ಗೊತ್ತಿಲ್ಲ. ಕಳೆದ ವರ್ಷ ಆ ಏಳು ಜನ ಎರಡು ವಾರ ಹುಡುಕಿದ್ದು ಇದನ್ನೇ. ನಮ್ಮದೇ ಆಲ್ಬಮ್ ಇದ್ದರೆ ಕೇಳಲು ಒಂದು ಬಾಗಿಲು ಇರುತ್ತದೆ, ಉತ್ತರ ಕೊಡಬೇಕಾದ ಒಬ್ಬರು ಇರುತ್ತಾರೆ.

ಉಳಿದದ್ದು ನಮ್ಮ ನಮ್ಮ ನಡತೆಗೆ ಬಿಟ್ಟದ್ದು. ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಮಾತಿದೆ. ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ್ದನ್ನು ಹಾಗೆಯೇ ಕಾಪಾಡಿ ಹಿಂದಿರುಗಿಸುವುದು. ನೆರೆಮನೆಯವರು ಇಟ್ಟುಹೋದ ಒಡವೆ ಅಮಾನತ್ ಆದರೆ, ಗೆಳತಿ ನಂಬಿ ನಿಂತ ಫೋಟೋ ಅಮಾನತ್ ಅಲ್ಲವೇ? ಹುಡುಗರಿಗೂ ಹುಡುಗಿಯರಿಗೂ ಈ ಪ್ರಶ್ನೆ ಒಂದೇ.

ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ಮನವಿ ಇಷ್ಟು. ಬೀಳ್ಕೊಡುಗೆಯ ದಿನ ಫೋಟೋ ನಿಷೇಧಿಸಬೇಡಿ. ಕಾಲೇಜಿನ ಒಂದು ಕ್ಯಾಮೆರಾ ಇರಲಿ, ಒಪ್ಪಿದವರ ಫೋಟೋ ತೆಗೆಯಲಿ. ಸರ್ವರ್ ಅಷ್ಟರೊಳಗೆ ಆಗದಿದ್ದರೆ ಈ ವರ್ಷ ಪ್ರಿಂಟ್ ಹಾಕಿಸಿ ಕೈಗೆ ಕೊಡಿ, ಮುಂದಿನ ವರ್ಷಕ್ಕೆ ಆಲ್ಬಮ್ ಸಿದ್ಧವಾಗಲಿ. ನಾನು ಹೋಗುವ ಮೊದಲು ಕಂಪ್ಯೂಟರ್ ಲ್ಯಾಬಿನಲ್ಲಿ ಕುಳಿತು ಅದರ ಕೆಲಸ ಶುರು ಮಾಡಿಕೊಡಲು ತಯಾರಿದ್ದೇನೆ. ನನ್ನ ಜೊತೆ ಬರಲು ಮೂವರು ಒಪ್ಪಿದ್ದಾರೆ, ಇನ್ನೂ ಜಾಗವಿದೆ.

ಮತ್ತೆ ಆ ಸೀನಿಯರ್ ಬಗ್ಗೆ ಕೇಳುವವರಿಗೆ, ಆಕೆ ಈಗ ಬಿ.ಕಾಂ. ಓದುತ್ತಿದ್ದಾರೆ. ಅಮ್ಮಿ ಹೋಗಿ ಅವರ ಅಮ್ಮಿಯ ಜೊತೆ ಮಾತಾಡಿದರು, ನಮ್ಮ ಮೇಡಂ ಕೂಡ ಹೋದರು. ಮೊನ್ನೆ ಬಸ್ಸಿನಲ್ಲಿ ಸಿಕ್ಕಾಗ ಈ ಲೇಖನ ಬರೆಯಲೇ ಎಂದು ಅವರನ್ನೇ ಕೇಳಿದೆ. "ಬರಿ, ಹೆಸರು ಬೇಡ" ಎಂದರು. ಕೇಳಿಯೇ ಬರೆದಿದ್ದೇನೆ.